ರಿಫ್ರೆಶ್ ಮಾಡಿದಾಗೆಲ್ಲ ಅಡಿಕೆ ದರ ಯಾಕೆ ಬದಲಾಗುತ್ತದೆ?

ಪ್ರಶ್ನೆ: ಶಿರಸಿಯ ಅಡಿಕೆ ದರ ತೋರಿಸುವ ಸಣ್ಣ ವೆಬ್‌ಸೈಟ್ ಮಾಡಿದ್ದೇನೆ. ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜಾಂಗೋ, ಅದನ್ನು ನಡೆಸುವ ಸರ್ವರ್ ಗುನಿಕಾರ್ನ್, ಅದರಲ್ಲಿ ಪುಟ ಕೊಡುವ ನಾಲ್ಕು ವರ್ಕರ್. ಮಧ್ಯಾಹ್ನ ರಾಶಿ ಅಡಿಕೆಯ ದರ ಬದಲಿಸಿದರೆ ಪುಟದಲ್ಲಿ ಒಮ್ಮೆ ಹೊಸ ದರ ಬರುತ್ತದೆ, ರಿಫ್ರೆಶ್ ಮಾಡಿದರೆ ಹಳೆಯದು, ಮತ್ತೆ ಹೊಸದು. ದರ ಬದಲಾದ ಕೂಡಲೇ ಕ್ಯಾಶ್ (ಪುಟ ಬೇಗ ಬರಲೆಂದು ಇಟ್ಟುಕೊಂಡ ಪ್ರತಿ) ಅಳಿಸುವ ಕೋಡ್ ಹಾಕಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಇದೆ. ತಪ್ಪು ಎಲ್ಲಿ?

ಉತ್ತರ: ನಿಮ್ಮ ಕೋಡ್ ಕ್ಯಾಶ್ ಅಳಿಸುತ್ತಿರುವುದು ನಿಜ. ಆದರೆ ನಾಲ್ಕರಲ್ಲಿ ಒಂದನ್ನು ಮಾತ್ರ.

ನಾಲ್ಕು ವರ್ಕರ್ ಅಂದರೆ ನಾಲ್ಕು ಬೇರೆ ಬೇರೆ ಪ್ರೊಸೆಸ್, ಅಂದರೆ ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಂಗಳು. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ. ಜಾಂಗೋಗೆ ಕ್ಯಾಶ್ ಬಗ್ಗೆ ಏನೂ ಹೇಳದೆ ಬಿಟ್ಟರೆ ಅದು ಲೋಕ್‌ಮೆಮ್ ಎಂಬ ಕ್ಯಾಶ್ ಬಳಸುತ್ತದೆ. ಅದು ಇರುವುದು ಆಯಾ ಪ್ರೊಸೆಸ್ಸಿನ ಮೆಮೊರಿಯಲ್ಲೇ. ಅಡಿಕೆ ಅಂಗಡಿಯೊಂದರಲ್ಲಿ ನಾಲ್ಕು ಜನ ಗುಮಾಸ್ತರು ಇದ್ದಾರೆ ಅಂದುಕೊಳ್ಳಿ. ಬೆಳಗಿನ ದರವನ್ನು ನಾಲ್ವರೂ ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ. ದರ ಏರಿದ ಸುದ್ದಿ ಒಬ್ಬರಿಗೆ ಮಾತ್ರ ಬಂತು. ಅವರು ಚೀಟಿ ಹರಿದು ಹೊಸದು ಬರೆದರು. ಉಳಿದ ಮೂವರನ್ನು ಕೇಳಿದರೆ ಕಿಸೆಯಿಂದ ಹಳೇ ಚೀಟಿಯೇ ಬರುತ್ತದೆ, ಅಲ್ವಾ?

ಇದನ್ನು ಕಣ್ಣಾರೆ ನೋಡಬಹುದು. ಪೈಥಾನಿನ ಗೆಟ್‌ಪಿಐಡಿ ಕೊಡುವ ಪ್ರೊಸೆಸ್ ನಂಬರನ್ನು ಪುಟದ ಅಡಿಯಲ್ಲಿ ತೋರಿಸಿ, ದರ ಬದಲಿಸಿ, ಹತ್ತು ಸಲ ರಿಫ್ರೆಶ್ ಮಾಡಿ. 2114, 2117, 2115 ಹೀಗೆ ನಂಬರ್ ಬದಲಾಗುತ್ತಾ ಹೋಗುತ್ತದೆ. ಉದಾಹರಣೆಗೆ 2115 ಬಂದಾಗೆಲ್ಲ ಹೊಸ ದರ, ಬೇರೆಯವು ಬಂದಾಗ ಹಳೆಯದು. ಐದು ನಿಮಿಷ ಕಾದರೆ ತಾನಾಗೇ ಸರಿಹೋಗುತ್ತದೆ, ಯಾಕೆಂದರೆ ಜಾಂಗೋ ಕ್ಯಾಶಿನ ಅವಧಿ ನೀವು ಬದಲಿಸದಿದ್ದರೆ 300 ಸೆಕೆಂಡ್. ಲ್ಯಾಪ್‌ಟಾಪಿನಲ್ಲಿ ಬಳಸುವ ಜಾಂಗೋದ ಪರೀಕ್ಷಾ ಸರ್ವರ್ ರನ್‌ಸರ್ವರ್‌ನಲ್ಲಿ ಪುಟ ಕೊಡುವುದು ಒಂದೇ ಪ್ರೊಸೆಸ್. ಅದಕ್ಕೇ ಅಲ್ಲಿ ತಪ್ಪು ಕಾಣಲಿಲ್ಲ.

ಐದು ನಿಮಿಷ ತಾನೇ ಅಂತ ಬಿಡಬೇಡಿ. ಸಿದ್ದಾಪುರದ ಕಡೆಯವರೊಬ್ಬರು ಮೂಟೆ ಗಾಡಿಗೆ ಹಾಕಿಸುವ ಮೊದಲು ನಿಮ್ಮ ಪುಟ ನೋಡುತ್ತಿರಬಹುದು.

ಚೀಟಿಗಳ ಬದಲು ಅಂಗಡಿಗೆ ಒಂದೇ ಬೋರ್ಡ್ ಬೇಕು. ಎಲ್ಲ ವರ್ಕರ್‌ಗಳೂ ಓದಿ ಬರೆಯುವ ಪ್ರತ್ಯೇಕ ಕ್ಯಾಶ್ ಸರ್ವರ್‌ಗಳಾದ ರೆಡಿಸ್ ಅಥವಾ ಮೆಮ್‌ಕ್ಯಾಶ್ಡ್ ಅಂಥ ಬೋರ್ಡ್. ಮೆಮ್‌ಕ್ಯಾಶ್ಡ್ ಅನ್ನು ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಲೈವ್‌ಜರ್ನಲ್ ಸೈಟಿಗಾಗಿ ಬರೆದರು. ರೆಡಿಸ್ ಬಂದದ್ದು 2009ರಲ್ಲಿ. ಜಾಂಗೋ 4.0ರಿಂದ ರೆಡಿಸ್ ಬೆಂಬಲ ಜೊತೆಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದೆರಡು ಸಾಲು ಬದಲಿಸಿ ರೆಡಿಸ್‌ನ ಪೈಥಾನ್ ಪ್ಯಾಕೇಜ್ ಹಾಕಿಕೊಂಡರೆ ಸಾಕು. ರೆಡಿಸ್ ನಿಂತರೂ ದರ ಕಳೆದುಹೋಗಬಾರದು. ಅಸಲಿ ದರ ಡೇಟಾಬೇಸಿನಲ್ಲೇ ಇರಲಿ.

ಬೋರ್ಡ್ ಒಂದೇ ಆದ ಮೇಲೂ ಒಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಒಂದು ವರ್ಕರ್ ಡೇಟಾಬೇಸ್ ಟ್ರಾನ್ಸಾಕ್ಷನ್ (ಒಟ್ಟಿಗೆ ಖಾಯಂ ಆಗುವ ಬದಲಾವಣೆಗಳ ಕಟ್ಟು) ಒಳಗೆ ದರ ಬದಲಿಸಿ, ಕ್ಯಾಶ್ ಅಳಿಸುತ್ತದೆ. ಕಮಿಟ್, ಅಂದರೆ ಬದಲಾವಣೆ ಖಾಯಂ ಆಗುವುದು, ಇನ್ನೂ ಆಗಿಲ್ಲ. ಅಷ್ಟರಲ್ಲಿ ಇನ್ನೊಂದು ವರ್ಕರ್‌ಗೆ ಯಾರೋ ಪುಟ ಕೇಳುತ್ತಾರೆ. ಕ್ಯಾಶ್ ಖಾಲಿ, ಡೇಟಾಬೇಸಿನಲ್ಲಿ ಕಾಣುವುದು ಹಳೇ ದರ. ಅದನ್ನೇ ತಂದು ಬೋರ್ಡ್ ಮೇಲೆ ಬರೆಯುತ್ತದೆ. ಆಮೇಲೆ ಕಮಿಟ್ ಆಗುತ್ತದೆ. ಈಗ ನಾಲ್ಕೂ ವರ್ಕರ್ ಒಂದೇ ಬಾಯಲ್ಲಿ ಹಳೇ ದರ ಹೇಳುತ್ತವೆ! ಹಾಗಾಗಿ ಅಳಿಸುವ ಕೆಲಸವನ್ನು, ಕಮಿಟ್ ಆದ ಮೇಲೆ ಮಾತ್ರ ನಡೆಯುವ ಜಾಂಗೋದ ಆನ್‌ಕಮಿಟ್‌ಗೆ ಒಪ್ಪಿಸಿ. ಅವಧಿಯನ್ನು 60 ಸೆಕೆಂಡಿಗೆ ಇಳಿಸಿಡಿ, ಅಪರೂಪಕ್ಕೆ ತಪ್ಪಿದರೂ ಬೇಗ ಸರಿಹೋಗುತ್ತದೆ.

ವರ್ಕರ್‌ಗಳು ಹುಟ್ಟುವ ಮೊದಲೇ ಕೋಡನ್ನು ಲೋಡ್ ಮಾಡುವ ಗುನಿಕಾರ್ನ್‌ನ ಪ್ರಿಲೋಡ್ ಇದಕ್ಕೆ ಪರಿಹಾರವಲ್ಲ. ಶುರುವಿನಲ್ಲಿ ಮೆಮೊರಿ ಹಂಚಿಕೊಂಡರೂ, ಬರೆದ ಕೂಡಲೇ ಆ ವರ್ಕರ್‌ಗೆ ಬೇರೆ ಪ್ರತಿ ಆಗುತ್ತದೆ. ಬದಲಾಗದ ಊರುಗಳ ಪಟ್ಟಿಯಂಥದ್ದಕ್ಕೆ ಪರವಾಗಿಲ್ಲ.

ರೆಡಿಸ್ ಹಾಕಲು ಇವತ್ತು ಪುರುಸೊತ್ತಿಲ್ಲ ಅಂದರೆ ಒಂದೇ ವರ್ಕರ್, ನಾಲ್ಕು ಥ್ರೆಡ್ ಇಟ್ಟು ನಡೆಸಿ. ಒಂದೇ ಪ್ರೊಸೆಸ್ಸಿನ ಒಳಗೆ ಓಡುವ ಥ್ರೆಡ್‌ಗಳಿಗೆ ಮೆಮೊರಿ ಒಂದೇ. ಸಣ್ಣ ಸೈಟಿಗೆ ನಾನಂತೂ ಮೊದಲು ಇದನ್ನೇ ಮಾಡುತ್ತೇನೆ. ರೆಡಿಸ್ ಬಂದ ದಿನ ಮತ್ತೆ ಹತ್ತು ಸಲ ರಿಫ್ರೆಶ್ ಮಾಡಿ. ಪ್ರೊಸೆಸ್ ನಂಬರ್ ಬದಲಾಗುತ್ತಿದ್ದು ದರ ಒಂದೇ ಇದ್ದರೆ, ಪುಟದ ಅಡಿಯ ಆ ನಂಬರನ್ನು ತೆಗೆದುಬಿಡಿ.