ಒಂದು ಜಿಂಕೆ ಮುಗಿಯುವ ಮೊದಲೇ ಚಾಕು ಮೊಂಡಾಗುವುದೇಕೆ?

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಪರವಾನಗಿ ಪಡೆದು ಪ್ರತಿ ವರ್ಷ ವೈಟ್‌ಟೇಲ್ ಜಿಂಕೆ ಬೇಟೆಗೆ ಹೋಗುತ್ತೇವೆ. ಅಂಗಡಿಯಲ್ಲಿ ಕೊಂಡ ಚಾಕು ಚರ್ಮ ಸುಲಿಯುವಷ್ಟರಲ್ಲೇ ಮೊಂಡಾಗಿಬಿಡುತ್ತದೆ. ಹೇಳಿ ಮಾಡಿಸುವ ಕಸ್ಟಮ್ ಚಾಕುವಿನ ಬೆಲೆ ಅದರ ಹಲವು ಪಟ್ಟು. ಅದರ ಹರಿತ ನಿಜಕ್ಕೂ ಹೆಚ್ಚು ಹೊತ್ತು ನಿಲ್ಲುತ್ತದೆಯೇ? ಯಾವ ಉಕ್ಕು ಕೇಳಬೇಕು?

ಉತ್ತರ: ಒಳ್ಳೆಯ ಕೆಲಸಗಾರರು ಮಾಡಿದ್ದಾದರೆ ಖಂಡಿತ ನಿಲ್ಲುತ್ತದೆ. ಆದರೆ ಉಕ್ಕಿನ ಹೆಸರೊಂದನ್ನೇ ನೋಡಿ ಕೊಂಡರೆ ದುಡ್ಡು ದಂಡ. ಬಾಯಿಯ, ಅಂದರೆ ಹರಿತ ಅಂಚಿನ ಹಿಂದಿನ ದಪ್ಪ ಮೊದಲು, ಹದ (ಉಕ್ಕನ್ನು ಕಾಯಿಸಿ, ತಣಿಸಿ ಗಟ್ಟಿ ಮಾಡಿದ ರೀತಿ) ಆಮೇಲೆ, ಉಕ್ಕಿನ ಹೆಸರು ಕೊನೆಗೆ. ಈ ಮೂರಕ್ಕಿಂತ ಮುಂಚೆ, ಈಗಿರುವ ಚಾಕು ಏನನ್ನು ಕೊಯ್ದು ಮೊಂಡಾಗುತ್ತಿದೆ ಎಂದು ತಿಳಿಯಬೇಕು.

ಬರೀ ಮಾಂಸ ಕೊಯ್ದು ಚಾಕು ಮೊಂಡಾಗುವುದು ತೀರಾ ನಿಧಾನ. ಬಾಯನ್ನು ಸವೆಸುವುದು ಕೂದಲಿನ ಬುಡದಲ್ಲಿ ಕೂತ ಮಣ್ಣು ಮತ್ತು ಮರಳು. ಮರಳಿನಲ್ಲಿರುವ ಕ್ವಾರ್ಟ್ಜ್‌ನ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 1,100. ರಾಕ್‌ವೆಲ್ ಎಂಬ ಇನ್ನೊಂದು ಗಡಸುತನದ ಅಳತೆಯಲ್ಲಿ 60ಕ್ಕೆ ಹದಗೊಳಿಸಿದ ಚಾಕುವಿನ ಉಕ್ಕು ವಿಕರ್ಸ್‌ನಲ್ಲಿ ಸುಮಾರು 700. ಅಂದರೆ ಒಂದೊಂದು ಮರಳಿನ ಕಣವೂ ಉಕ್ಕನ್ನು ಗೀರುವಷ್ಟು ಗಟ್ಟಿ. ಕೆಸರಿನಲ್ಲಿ ಹೊರಳಾಡುವ ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಮತ್ತು ಟೆಕ್ಸಸ್‌ನ ಕಾಡುಹಂದಿ ಚಾಕುವಿಗೆ ಜಿಂಕೆಗಿಂತ ಹೆಚ್ಚು ಕಷ್ಟ ಕೊಡುವುದು ಇದರಿಂದಲೇ. ಊರಲ್ಲಿ ಕುರಿ ಸುಲಿಯುವವರಿಗೂ ಉಣ್ಣೆಯ ಮಣ್ಣಿನ ಕಾಟ ಗೊತ್ತು. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ನಿಷೇಧವಿದೆ, ಹಾಗಾಗಿ ಬೇಟೆಯ ಮಾತೆಲ್ಲ ಹೊರದೇಶದ್ದು.)

ಎರಡನೆಯ ಶತ್ರು ಮೂಳೆ. ಮೂಳೆಗೆ ತಾಗಿದಾಗ ಬಾಯಿ ಸವೆಯುವುದಿಲ್ಲ, ಮಡಚಿಕೊಳ್ಳುತ್ತದೆ ಇಲ್ಲವೇ ಚಕ್ಕೆ ಏಳುತ್ತದೆ. ಯಾವುದಾಗಿದೆ ಎಂದು ನೋಡುವುದು ಸುಲಭ. ಬಾಯನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಹರಿತವಾದ ಬಾಯಿ ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಉದ್ದಕ್ಕೂ ಸಣ್ಣ ಬೆಳ್ಳಿಗೆರೆ ಕಂಡರೆ ಮಣ್ಣಿನಿಂದ ಸವೆದಿದೆ. ಅಲ್ಲಲ್ಲಿ ಮಾತ್ರ ಚುಕ್ಕೆ ಹೊಳೆದರೆ ಮೂಳೆಗೆ ತಾಗಿದೆ. ಉಗುರನ್ನು ಬೆನ್ನಿನ ಕಡೆಯಿಂದ ಬಾಯಿಯತ್ತ ಎಳೆದಾಗ ಒಂದು ಮಗ್ಗುಲಲ್ಲಿ ಮಾತ್ರ ತಡೆದರೆ ಅಲ್ಲಿ ಬಾಯಿ ಮಡಚಿದೆ.

ಎಷ್ಟೋ ಸಲ ಚಾಕು ಮೊಂಡಾಗಿರುವುದೇ ಇಲ್ಲ. ಜಿಂಕೆಯ ಕೊಬ್ಬು ಚಳಿಗೆ ಬೇಗ ಹೆಪ್ಪುಗಟ್ಟಿ ಅಲಗಿನ ಎರಡೂ ಮಗ್ಗುಲಿಗೆ ಮೆತ್ತಿಕೊಳ್ಳುತ್ತದೆ, ಚಾಕು ಜಾರತೊಡಗುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಒರೆಸಿ ನೋಡಿ. ಮಸೆಯುವ ಕಲ್ಲಿಗೆ ಕೈಹಾಕುವ ಮೊದಲು ಇದನ್ನು ಮಾಡಲೇಬೇಕು.

ಈಗ ಕೊಯ್ಯುವ ಕ್ರಮ. ಇದನ್ನು ಸರಿಪಡಿಸಿಕೊಳ್ಳದೆ ಯಾವ ಚಾಕು ತಂದರೂ ಅದೇ ಗತಿ. ಕೂದಲ ಮೇಲಿಂದ ಚರ್ಮ ಕೊಯ್ಯಬೇಡಿ. ಮೊದಲು ಒಂದು ಸಣ್ಣ ಸೀಳು ಮಾಡಿ, ಅದರೊಳಗೆ ಎರಡು ಬೆರಳು ತೂರಿಸಿ ಚರ್ಮವನ್ನು ಎತ್ತಿ ಹಿಡಿಯಿರಿ. ಬೆರಳುಗಳ ನಡುವೆ ಅಲಗನ್ನು ಬಾಯಿ ಮೇಲಾಗಿ ಇಟ್ಟು, ಒಳಗಿನಿಂದ ಹೊರಕ್ಕೆ ಸೀಳುತ್ತಾ ಹೋಗಿ. ಕೂದಲು ತುಂಡಾಗದೆ ಎರಡು ಕಡೆಗೆ ಸರಿಯುತ್ತದೆ, ಬಾಯಿಗೆ ಮಣ್ಣು ತಾಗುವುದು ತೀರಾ ಕಡಿಮೆ, ಮಾಂಸಕ್ಕೂ ಕೂದಲು ಅಂಟುವುದಿಲ್ಲ. ಸೀಳಿದ ಮೇಲೆ ಮೈ ಬೆಚ್ಚಗಿರುವಾಗಲೇ ಚರ್ಮವನ್ನು ಮುಷ್ಟಿಯಿಂದ ಒತ್ತಿ, ಎಳೆದು ಬಿಡಿಸಿ. ಬಿಳಿಯ ಪೊರೆ ಹಿಡಿದುಕೊಂಡ ಕಡೆ ಮಾತ್ರ ಚಾಕು ತಾಗಿಸಿ.

ಮುಂಗಾಲಿನ ಹೆಗಲಿಗೂ ಮೈಗೂ ಮೂಳೆಯ ಕೀಲೇ ಇಲ್ಲ. ಹೆಗಲ ಚಪ್ಪೆಮೂಳೆಯನ್ನು ಹಿಡಿದಿರುವುದು ಬರೀ ಸ್ನಾಯು. ಕಾಲನ್ನು ಹೊರಕ್ಕೆ ಎತ್ತಿ ಪಕ್ಕೆಲುಬಿನ ಗುಂಟ ಕೊಯ್ದರೆ ಮೂಳೆಗೆ ಬಡಿಯದೆ ಇಡೀ ಕಾಲು ಕಳಚಿಬರುತ್ತದೆ. ಹಿಂಗಾಲು ಗುಂಡುಕೀಲು. ತೊಡೆಯ ಒಳಬದಿಯಿಂದ ಕೊಯ್ಯುತ್ತಾ ಹೋಗಿ, ಗುಂಡು ಕಂಡಾಗ ಕಾಲನ್ನು ಹೊರಕ್ಕೆ ಮಡಿಸಿ, ಒಳಗಿನ ನಾರನ್ನು ಮೊನೆಯಿಂದ ಕತ್ತರಿಸಿ. ಸೊಂಟದ ಮೂಳೆ, ಎದೆಮೂಳೆಗೆ ಸಣ್ಣ ಗರಗಸವೇ ಸರಿ. ಚಾಕುವನ್ನು ಮೂಳೆಯಲ್ಲಿ ತೂರಿಸಿ ತಿರುಚಿದರೆ ಎಂಥ ಬಾಯಿಯೂ ಉಳಿಯದು.

ಇಷ್ಟು ಮಾಡಿಯೂ ಚಾಕು ಅರ್ಧಕ್ಕೆ ಸೋಲುತ್ತಿದ್ದರೆ ಆಗ ಹೇಳಿ ಮಾಡಿಸುವ ಯೋಚನೆ ಮಾಡಬಹುದು. ಕಾರ್ಖಾನೆಯ ಚಾಕುವನ್ನು ಯಾರು ಹೇಗೆ ಬಳಸುತ್ತಾರೋ ಗೊತ್ತಿಲ್ಲದೆ ಮಾಡಿರುತ್ತಾರೆ. ಕೆಲವರು ಅದರಲ್ಲಿ ಡಬ್ಬಿ ತೆರೆಯುತ್ತಾರೆ, ಕೆಲವರು ಕಟ್ಟಿಗೆ ಸೀಳುತ್ತಾರೆ. ಮುರಿದು ವಾಪಸ್ ಬರಬಾರದೆಂದು ಬಾಯಿಯ ಹಿಂದೆ ದಪ್ಪ ಬಿಡುವುದು ಸಾಮಾನ್ಯ. ಕಸ್ಟಮ್ ಕೆಲಸಗಾರರು ಒಂದೇ ಕೆಲಸಕ್ಕೆಂದು ತೆಳ್ಳಗೆ ಉಜ್ಜುತ್ತಾರೆ. ಮಸೆದ ಇಳಿಜಾರು ಶುರುವಾಗುವ ಜಾಗದಲ್ಲಿ ದಪ್ಪ 0.3ರಿಂದ 0.4 ಮಿ.ಮೀ. ಇದ್ದರೆ ಜಿಂಕೆಯ ಕೆಲಸಕ್ಕೆ ಹೇಳಿಮಾಡಿಸಿದಂತೆ. 0.7, 0.8 ಮಿ.ಮೀ. ಆದರೆ ತುದಿ ಎಷ್ಟೇ ಹರಿತವಿರಲಿ, ಅಲಗು ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಆಗ ಕೈ ತಾನಾಗಿ ಒತ್ತಡ ಹಾಕುತ್ತದೆ, ಒತ್ತಿದ ಚಾಕು ಮೂಳೆಗೆ ಬಡಿಯುತ್ತದೆ. ತೆಳ್ಳನೆಯ ಚಾಕುವಿನ ತುದಿ ಸ್ವಲ್ಪ ಸವೆದರೂ ಕೊಯ್ಯುತ್ತಲೇ ಇರುತ್ತದೆ. ಹರಿತ ನಿಲ್ಲುವುದು ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಇದೇ. ಕೋನ ಒಂದೊಂದು ಮಗ್ಗುಲಿಗೆ 17ರಿಂದ 20 ಡಿಗ್ರಿ ಸಾಕು. 15ಕ್ಕೆ ಇಳಿಸಿದರೆ ಇನ್ನೂ ಚೆನ್ನಾಗಿ ಕೊಯ್ಯುತ್ತದೆ, ಆದರೆ ಮೂಳೆಗೆ ತಾಗಿದಾಗ ಚಕ್ಕೆ ಏಳುವ ಅಪಾಯವಿದೆ.

ಹದದ ವಿಷಯ ಕಣ್ಣಿಗೆ ಕಾಣದು, ಮೋಸ ಹೋಗುವುದೂ ಅಲ್ಲೇ. ಉದಾಹರಣೆಗೆ 52100 ಎಂಬ ಬೇರಿಂಗ್ ಉಕ್ಕನ್ನು ಸುಮಾರು 820 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ 200 ಡಿಗ್ರಿಯ ಆಸುಪಾಸಿನಲ್ಲಿ ಎರಡು ಸಲ ಮತ್ತೆ ಕಾಯಿಸುತ್ತಾರೆ. ಮೊದಲ ಕಾಯಿಸುವಿಕೆಯಲ್ಲಿ ಶಾಖ ಹೆಚ್ಚಾದರೆ ಉಕ್ಕಿನ ಕಣ ದಪ್ಪವಾಗಿ ಬಾಯಿ ಪುಡಿಪುಡಿಯಾಗುತ್ತದೆ. ಎರಡನೆಯದರಲ್ಲಿ ಹೆಚ್ಚಾದರೆ ಮೆತ್ತಗಾಗಿ ಮಡಚುತ್ತದೆ. ಸ್ಟೇನ್‌ಲೆಸ್ ಉಕ್ಕುಗಳಿಗೆ ಸಾಮಾನ್ಯವಾಗಿ 1,000 ಡಿಗ್ರಿಗಿಂತ ಮೇಲಿನ ಶಾಖ ಬೇಕು. ನಂತರ ಶೈತ್ಯೀಕರಣ, ಅಂದರೆ ಡ್ರೈ ಐಸ್ ಅಥವಾ ದ್ರವ ಸಾರಜನಕದಲ್ಲಿ ಇಡುವುದೂ ಬೇಕಾಗುತ್ತದೆ. ಇದು ಕಂಪ್ಯೂಟರ್ ನಿಯಂತ್ರಣದ ಕುಲುಮೆಯ ಕೆಲಸ, ಕಣ್ಣಳತೆಯಲ್ಲಿ ಆಗುವಂಥದ್ದಲ್ಲ. ಹದ ಸರಿಯಾಗಿದ್ದರೂ ಕೊನೆಯ ಬಾಯಿ ತೆಗೆಯುವಾಗ ಬೆಲ್ಟ್ ಗ್ರೈಂಡರ್‌ನಲ್ಲಿ ತುದಿ ಕಾದು ಮೆತ್ತಗಾಗಬಹುದು. ಹೊಸ ಚಾಕು ಮೊದಲ ಸಲಕ್ಕಿಂತ ಮೂರ್ನಾಲ್ಕು ಸಲ ಕೈಯಲ್ಲಿ ಮಸೆದ ಮೇಲೆ ಚೆನ್ನಾಗಿ ಬಾಳಿದರೆ, ಕೆಟ್ಟ ಪದರ ಸವೆದುಹೋಗಿ ಒಳಗಿನ ಒಳ್ಳೆಯ ಉಕ್ಕು ಸಿಕ್ಕಿದೆ ಎಂದು ತಿಳಿಯಿರಿ.

ಹದ ಪರೀಕ್ಷಿಸಲು ಚಾಕು ಮಾಡುವವರು ಹಿತ್ತಾಳೆ ಸರಳು ಬಳಸುತ್ತಾರೆ. ಕಾಲು ಇಂಚಿನ ಸರಳಿನ ಮೇಲೆ ಅಲಗನ್ನು ಸುಮಾರು 15 ಡಿಗ್ರಿ ಎತ್ತಿ ಒತ್ತಿದರೆ ತೆಳ್ಳನೆಯ ಬಾಯಿ ಬಾಗುವುದು ಕಣ್ಣಿಗೆ ಕಾಣುತ್ತದೆ. ಬಿಟ್ಟಾಗ ನೆಟ್ಟಗಾದರೆ ಹದ ಸರಿ, ಬಾಗಿಯೇ ಉಳಿದರೆ ಮೆತ್ತಗೆ, ಚಕ್ಕೆ ಎದ್ದರೆ ಬಿರುಸು. ಚಾಕು ಬಡಿದು ಮಾಡುವವರ ಸಂಘವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯಲ್ಲಿ ಅಲಗನ್ನು 90 ಡಿಗ್ರಿ ಬಗ್ಗಿಸುವುದು ಹೆಸರಾದ ಸಂಗತಿ, ಆದರೆ ಅದು ದೊಡ್ಡ ಚಾಕುವಿನ ಗಟ್ಟಿತನಕ್ಕೆ ಪುರಾವೆ. ಸುಲಿಯುವ ಚಾಕುವಿನ ಬಾಯಿಗೆ ಹಿತ್ತಾಳೆ ಸರಳೇ ಹೆಚ್ಚು ಹೇಳುತ್ತದೆ.

ಇನ್ನು ಉಕ್ಕು. ಮರಳಿನ ಎದುರು ನಿಲ್ಲುವುದು ಉಕ್ಕಿನೊಳಗಿನ ಕಾರ್ಬೈಡ್ ಕಣಗಳು, ಅಂದರೆ ಲೋಹವೂ ಇಂಗಾಲವೂ ಕೂಡಿ ಆದ ಗಟ್ಟಿ ಕಣಗಳು. ವನೇಡಿಯಂ ಕಾರ್ಬೈಡ್‌ನ ಗಡಸುತನ ವಿಕರ್ಸ್‌ನಲ್ಲಿ ಸುಮಾರು 2,800, ಕ್ರೋಮಿಯಂನದು 1,500ರ ಸುತ್ತಮುತ್ತ. ಎರಡೂ ಕ್ವಾರ್ಟ್ಜ್‌ಗಿಂತ ಗಟ್ಟಿ. 12 ಶೇಕಡಾ ಕ್ರೋಮಿಯಂ ಇರುವ ಡಿ2 ಉಕ್ಕು ಸವೆತಕ್ಕೆ ಒಳ್ಳೆಯದೇ, ಆದರೆ ಎರಕ ಹೊಯ್ದ ಡಿ2ನಲ್ಲಿ ಕಾರ್ಬೈಡ್‌ಗಳು ದಪ್ಪ. ಬಾಯನ್ನು ತೆಳ್ಳಗೆ ತೆಗೆದರೆ ಕಿತ್ತುಬರುತ್ತವೆ. ಪುಡಿ ಲೋಹವನ್ನು ಒತ್ತಿ ತಯಾರಿಸುವ ಉಕ್ಕುಗಳಲ್ಲಿ ಈ ಕಣಗಳು ಕೆಲವೇ ಮೈಕ್ರಾನ್. ಸಿಪಿಎಂ 154, ಎಸ್35ವಿಎನ್, 2021ರಲ್ಲಿ ಲೋಹವಿಜ್ಞಾನಿ ಲಾರಿನ್ ಥಾಮಸ್ ರೂಪಿಸಿ ಹೊರತಂದ ಮ್ಯಾಗ್ನಾಕಟ್ ಈ ಗುಂಪಿನವು. ಒಂದೇ ಹೇಳಿ ಎಂದರೆ ಮ್ಯಾಗ್ನಾಕಟ್, ರಾಕ್‌ವೆಲ್ 62–63. ತುಕ್ಕು ಹಿಡಿಯುವುದಿಲ್ಲ ಎನ್ನಬಹುದು, ತೆಳ್ಳನೆಯ ಬಾಯನ್ನೂ ತಾಳುತ್ತದೆ. ನೀವೇ ಮಸೆಯುವುದನ್ನು ಇಷ್ಟಪಡುವವರಾದರೆ 52100, ರಾಕ್‌ವೆಲ್ 60–61. ಬೇಗ ಸವೆಯುತ್ತದೆ, ಬೇಗ ಹರಿತವೂ ಆಗುತ್ತದೆ. 9 ಶೇಕಡಾ ವನೇಡಿಯಂನ ಎಸ್90ವಿಯನ್ನು ಮೊದಲ ಚಾಕುವಿಗೆ ಕೇಳಬೇಡಿ. ವಜ್ರದ ಕಲ್ಲಿಲ್ಲದೆ ಅದನ್ನು ಮಸೆಯುವುದು ಬಲು ಕಷ್ಟ.

ಮಾಡಿಸುವಾಗ ಹೀಗೆ ಹೇಳಿ: ಅಲಗು 9ರಿಂದ 10 ಸೆಂ.ಮೀ., ಬೆನ್ನು 3 ಮಿ.ಮೀ., ಬೆನ್ನಿನಿಂದ ಬಾಯಿವರೆಗೂ ಸಮವಾಗಿ ಉಜ್ಜಿದ್ದು, ಮೊನೆ ಡ್ರಾಪ್ ಪಾಯಿಂಟ್. ಬೆನ್ನಿನ ರೇಖೆಗಿಂತ ಕೆಳಗಿಳಿದ ಈ ಮೊನೆಯನ್ನು ಬೇಟೆ ಚಾಕುಗಳಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್ (1929–2010). ಹೊಟ್ಟೆ ಸೀಳುವಾಗ ಕರುಳಿಗೆ ಚುಚ್ಚುವ ಭಯ ಇದರಲ್ಲಿ ಕಡಿಮೆ. ಬಾಯಿಯ ಹಿಂದಿನ ದಪ್ಪವನ್ನು ಮಿ.ಮೀ.ನಲ್ಲಿ, ಗಡಸುತನವನ್ನು ಅಂಕಿಯಲ್ಲಿ ಬರೆದು ಕೊಡಲು ಕೇಳಿ. ಕೊಡಲು ಹಿಂಜರಿಯುವವರ ಬಳಿ ಮಾಡಿಸಬೇಡಿ. ಹಿಡಿಗೆ ಮೈಕಾರ್ಟಾ (ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ್ದು) ಒಳ್ಳೆಯದು, ರಕ್ತ ಮೆತ್ತಿದರೂ ಕೈ ಜಾರದು.

ಹೀಗೆ ಮಾಡಿಸಿದ ಒಂದು ಚಾಕು, ಕ್ರಮ ತಪ್ಪದೆ ಕೊಯ್ದರೆ, ಜಿಂಕೆಯನ್ನು ಸುಲಿದು ಕಾಲು ಬಿಡಿಸುವವರೆಗೆ ಮಸೆಯದೆ ಬರಬೇಕು. ಎಲ್ಕ್‌ಗೆ ನಡುವೆ ಒಂದೆರಡು ಸಲ ಬಾಯಿ ತಿದ್ದಬೇಕಾಗುತ್ತದೆ. ನುಣ್ಣನೆಯ ವಜ್ರದ ಅಥವಾ ಸೆರಾಮಿಕ್ ಕಡ್ಡಿಯ ಮೇಲೆ, ಮೊದಲ ಕೋನಕ್ಕಿಂತ ಎರಡು ಡಿಗ್ರಿ ಹೆಚ್ಚಿಗೆ ಎತ್ತಿ, ಮಗ್ಗುಲಿಗೆ ಐದಾರು ಹಗುರ ಎಳೆತ ಸಾಕು. ಕಸಾಯಿ ಅಂಗಡಿಯವರು ಬಳಸುವ ಉಕ್ಕಿನ ಮಸೆಕಡ್ಡಿ ಅವರ ಮೆತ್ತನೆಯ ಚಾಕುಗಳಿಗೇ ಸರಿ, ರಾಕ್‌ವೆಲ್ 62ರ ಬಾಯನ್ನು ಅದು ಚಕ್ಕೆ ಏಳಿಸಬಹುದು. ಮನೆಯಲ್ಲಿ ಮಸೆಯುವಾಗ 600 ಗ್ರಿಟ್‌ಗೆ (ಕಲ್ಲಿನ ನುಣುಪಿನ ಅಂಕಿ) ನಿಲ್ಲಿಸಿ. ಕನ್ನಡಿಯ ಹೊಳಪಿನ ಬಾಯಿ ಕೂದಲು ಬೋಳಿಸುತ್ತದೆ ನಿಜ, ಆದರೆ ಚರ್ಮ ಮತ್ತು ಪೊರೆಯನ್ನು ಎಳೆದು ಕೊಯ್ಯಲು ತುಸು ಹಲ್ಲಿರುವ ಬಾಯೇ ಮೇಲು. ಅಂಚಿನಲ್ಲಿ ಏಳುವ ಮುಳ್ಳನ್ನು ಚರ್ಮದ ಪಟ್ಟಿಯ ಮೇಲೆ ಎಳೆದು ಪೂರ್ತಿ ತೆಗೆಯಿರಿ. ಉಳಿದ ಮುಳ್ಳು ಮೊದಲ ಕೊಯ್ತಕ್ಕೇ ಮಡಚಿ, ಹೊಸದಾಗಿ ಮಸೆದ ಚಾಕು ಮೊಂಡಾದಂತೆ ಕಾಣುತ್ತದೆ.

ಕೆಲಸ ಮುಗಿದ ಮೇಲೆ ರಕ್ತದ ಚಾಕುವನ್ನು ಹಾಗೇ ಚರ್ಮದ ಒರೆಗೆ ಸೇರಿಸಬೇಡಿ. ರಕ್ತದ ಉಪ್ಪು ಮತ್ತು ತೇವಕ್ಕೆ ಒಂದು ಮೈಕ್ರಾನಿಗಿಂತ ತೆಳ್ಳಗಿರುವ ತುದಿ ಒಂದೇ ರಾತ್ರಿಯಲ್ಲಿ ತುಕ್ಕು ತಿನ್ನಬಹುದು, 52100ರಂಥ ಉಕ್ಕಿಗಂತೂ ಖಂಡಿತ. ತೊಳೆದು, ಒರೆಸಿ, ಖನಿಜ ತೈಲ ಸವರಿ, ಒರೆಯ ಹೊರಗಿಡಿ. ಜಿಂಕೆಗಳಲ್ಲಿ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ಮಾರಕ ರೋಗ) ಕಂಡುಬಂದ ಪ್ರದೇಶವಾದರೆ ಮಾಂಸದ ಚೂರು ಒಂದೂ ಉಳಿಯದಂತೆ ತೊಳೆದು, 40 ಶೇಕಡಾ ಬ್ಲೀಚ್, 60 ಶೇಕಡಾ ನೀರಿನ ದ್ರಾವಣದಲ್ಲಿ ಐದು ನಿಮಿಷ ಅದ್ದಿ. ಮಾಂಸದ ಚೂರಿನೊಳಗೆ ಬ್ಲೀಚ್ ಇಳಿಯುವುದಿಲ್ಲ, ಆದ್ದರಿಂದ ಮೊದಲ ತೊಳೆತ ಮುಖ್ಯ. ಐದು ನಿಮಿಷವಾದ ಕೂಡಲೇ ಸಾಕಷ್ಟು ನೀರಿನಲ್ಲಿ ತೊಳೆಯಿರಿ, ಬ್ಲೀಚ್ ಸ್ಟೇನ್‌ಲೆಸ್ ಉಕ್ಕಿನಲ್ಲೂ ಗುಳಿ ಬೀಳಿಸುತ್ತದೆ.