ಗಾಜಿನ ಮನೆಯಿಂದ ಅಡಿಕೆ ತೋಟಕ್ಕೆ ಬಂದ ಬಳ್ಳಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಕೃಷಿಕರ ಮೊಬೈಲುಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಒಂದೇ ಪ್ರಶ್ನೆ ಸುತ್ತುತ್ತದೆ: ವೆನಿಲ್ಲಾಕ್ಕೆ ಮತ್ತೆ ದರ ಬಂದಿದೆಯಂತೆ, ಬಳ್ಳಿ ಯಾರಲ್ಲಿದೆ? ಕೂಡಲೇ ಹಳೆಯ ವಾದ ಶುರುವಾಗುತ್ತದೆ. 2000ದ ದಶಕದಲ್ಲಿ ವೆನಿಲ್ಲಾ ನಂಬಿ ನಾವು ಕೆಟ್ಟದ್ದು ವ್ಯಾಪಾರಿಗಳಿಂದ ಎಂದು ಒಬ್ಬರು, ರೋಗದಿಂದ ಎಂದು ಇನ್ನೊಬ್ಬರು, ಅತಿಯಾಸೆಯಿಂದ ಎಂದು ಮತ್ತೊಬ್ಬರು. ವಾದ ಮುಗಿಯುವ ಹೊತ್ತಿಗೆ ದರ ಇಳಿದಿರುತ್ತದೆ. ಈ ಗೋಜಲನ್ನು ಬಿಡಿಸಲು ಹೊರಟರೆ ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದ ಗಾಜಿನ ಮನೆಯವರೆಗೆ ಹೋಗಬೇಕಾಗುತ್ತದೆ.

ವೆನಿಲ್ಲಾ ಒಂದು ಆರ್ಕಿಡ್. ಮಳೆ ಹಿಡಿಯುವ ಹೊತ್ತಿಗೆ ನಮ್ಮ ಹಲಸು, ಮಾವಿನ ಕೊಂಬೆಗಳಿಂದ ಹೂದಂಡೆಯಾಗಿ ಇಳಿಬೀಳುವ ಸೀತಾಳೆಗೆ ಅದು ದೂರದ ನೆಂಟ. ಸೀತಾಳೆ ಮರದ ರಸ ಹೀರುವುದಿಲ್ಲ, ತೊಗಟೆಗೆ ಬೇರು ಕಚ್ಚಿ ಕೂರುತ್ತದೆ ಅಷ್ಟೆ. ಆದರೂ ಅದನ್ನು ಬಂದಣಿಕೆ ಎಂದುಕೊಂಡು ಕತ್ತಿಯಲ್ಲಿ ಕೆರೆದು ಹಾಕಿದವರೇ ನಾವು. ಅದೇ ಕುಟುಂಬದ ಪರದೇಶಿ ಬಳ್ಳಿಯನ್ನು ಮೀಟರ್ ಲೆಕ್ಕದಲ್ಲಿ ಅಳೆದು ಕೊಂಡವರೂ ನಾವೇ.

ವೆನಿಲ್ಲಾದ ತವರು ಮೆಕ್ಸಿಕೋ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರ ಕೈಯಲ್ಲಿ ಅದರ ಪರಿಮಳ ಯುರೋಪಿಗೆ ಹೋಯಿತು, ಬಹಳ ಕಾಲದ ಮೇಲೆ ಬಳ್ಳಿಯೂ ಹೋಯಿತು. ಅಲ್ಲಿನ ಕಾಡಿನ ಜೇನು ಮಾತ್ರ ಹೋಗಲಿಲ್ಲ. ಈ ಹೂವಿನಲ್ಲಿ ಪರಾಗಕ್ಕೂ ಅದನ್ನು ಪಡೆಯುವ ಭಾಗಕ್ಕೂ ನಡುವೆ ತೆಳುವಾದ ಒಂದು ಪೊರೆ ಇದೆ. ಯಾರಾದರೂ ಅದನ್ನು ಎತ್ತದಿದ್ದರೆ ಕಾಯಿ ಕಚ್ಚುವುದು ಬಲು ಅಪರೂಪ. ಹಾಗಾಗಿ ಸಿರಿವಂತರ ಗಾಜಿನ ಮನೆಗಳಲ್ಲಿ ಬಳ್ಳಿ ಎಲೆ ಬಿಟ್ಟಿತು, ಕೆಲವೆಡೆ ಹೂವನ್ನೂ ಬಿಟ್ಟಿತು, ಕಾಯಿ ಬಿಡಲಿಲ್ಲ. 1836ರಲ್ಲಿ ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಮಾರೆನ್ ತಮ್ಮ ಗಾಜಿನ ಮನೆಯಲ್ಲಿ ಕೈಯಿಂದಲೇ ಪರಾಗ ಮುಟ್ಟಿಸಿ ಕಾಯಿ ಪಡೆದರು. ಐದು ವರ್ಷಗಳ ಬಳಿಕ, 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಅದೇ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿ ತೋರಿಸಿದ. ಜಗತ್ತಿನ ವೆನಿಲ್ಲಾ ತೋಟಗಳೆಲ್ಲ ಹಿಡಿದದ್ದು ಈ ಹುಡುಗನ ದಾರಿಯನ್ನೇ. ಅವನು 1880ರಲ್ಲಿ ಬಡವನಾಗಿಯೇ ತೀರಿಕೊಂಡ.

ಈ ಪ್ರಯಾಣದ ಒಂದು ಗಂಟು ಮುಂದೆ ನಮ್ಮ ಕಾಲಿಗೂ ಸುತ್ತಿಕೊಂಡಿತು. ವೆನಿಲ್ಲಾವನ್ನು ಬೆಳೆಸುವುದು ಬೀಜದಿಂದ ಅಲ್ಲ, ಬಳ್ಳಿಯ ತುಂಡಿನಿಂದ. ಗಾಜಿನ ಮನೆಗಳಿಂದ ಹೊರಟ ಬೆರಳೆಣಿಕೆಯ ತುಂಡುಗಳೇ ಹಿಂದೂ ಮಹಾಸಾಗರದ ದ್ವೀಪಗಳನ್ನೆಲ್ಲ ತುಂಬಿದವು. ತುಂಡಿನಿಂದ ಬಂದ ಬಳ್ಳಿ ತಾಯಿಯ ತದ್ರೂಪ. ಒಂದಕ್ಕೆ ತಗಲುವ ರೋಗವನ್ನು ಎಲ್ಲವೂ ಅಷ್ಟೇ ಸುಲಭವಾಗಿ ಬರಮಾಡಿಕೊಳ್ಳುತ್ತವೆ. ಇನ್ನೊಂದು ಗಂಟು 1874ರದ್ದು. ಆ ವರ್ಷ ಜರ್ಮನಿಯಲ್ಲಿ ವೆನಿಲಿನ್ ಎಂಬ ಪರಿಮಳದ ಸತ್ವವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಇಂದು ಐಸ್‌ಕ್ರೀಮಿನಲ್ಲಿ ಸಿಗುವ ವೆನಿಲ್ಲಾ ಪರಿಮಳದ ಬಹುಪಾಲು ಬಳ್ಳಿಯ ಮುಖ ಕಂಡದ್ದಲ್ಲ.

ಇನ್ನು ನಮ್ಮ ಸರದಿ. 1970ರ ಅಡಿಕೆ ದರ ಕುಸಿತ, ಅದರ ಬೆನ್ನಿಗೆ 1973ರಲ್ಲಿ ಹುಟ್ಟಿದ ಅಡಿಕೆ ಕೃಷಿಕರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕೊಳ್ಳುವವರಿಲ್ಲದೆ ಕೊಕ್ಕೊ ಅನಾಥವಾದಾಗ ಅದೇ ಸಂಸ್ಥೆ ಕೈಹಿಡಿದದ್ದು, ಇವೆಲ್ಲ ಇಲ್ಲಿನ ಮನೆಮನೆಯ ಕಥೆಗಳು. 2000ದ ಆಸುಪಾಸಿನಲ್ಲಿ ಅಡಿಕೆ ಮತ್ತೆ ನೆಲ ಕಚ್ಚಿತು. ಅದೇ 2000ದ ಏಪ್ರಿಲಿನಲ್ಲಿ ಹುದಾ ಚಂಡಮಾರುತ, ಜಗತ್ತಿನಲ್ಲೇ ಅತಿ ಹೆಚ್ಚು ವೆನಿಲ್ಲಾ ಬೆಳೆಯುವ ಮಡಗಾಸ್ಕರಿನ ಈಶಾನ್ಯ ತೀರದ ವೆನಿಲ್ಲಾ ತೋಟಗಳನ್ನು ಕೆಡವಿ ಹಾಕಿತು. ಅಲ್ಲಿ ಬಿದ್ದ ಗಾಳಿಗೆ ಇಲ್ಲಿ ದರ ಎದ್ದಿತು. 2003ರಲ್ಲಿ ಹಸಿ ಬೀನ್ಸ್, ಅಂದರೆ ವೆನಿಲ್ಲಾದ ಕಾಯಿ, ಕಿಲೋಗೆ 3,000 ರೂಪಾಯಿ ದಾಟಿದಾಗ ಅಡಿಕೆ ಮರದ ಬುಡದಲ್ಲಿ ಬಳ್ಳಿ ಹಬ್ಬಿಸಲು ಗ್ಲಿರಿಸೀಡಿಯದ ಕೋಲು ನೆಡದ ಮನೆ ಕಡಿಮೆ.

ಆ ವರ್ಷಗಳ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಗೊಂಚಲಿನಲ್ಲಿ ದಿನಕ್ಕೆ ಒಂದೋ ಎರಡೋ ಹೂ ಅರಳುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಆದ್ದರಿಂದ ಕಾಫಿ ಕುಡಿದವರೇ ಎಲ್ಲರೂ ತೋಟಕ್ಕೆ. ಅತ್ತೆಯ ಕೈಯಲ್ಲಿ ಹಿಡಿಸೂಡಿಯಿಂದ ಮುರಿದು ಚೂಪು ಮಾಡಿದ ಒಂದು ಕಡ್ಡಿ. ತಿಳಿಹಸಿರು ಹೂವಿನ ತುಟಿಯನ್ನು ಸೀಳಿ, ಪೊರೆಯನ್ನು ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದರು. ಗೊಂಚಲಿಗೆ ಎಂಟು ಹತ್ತು ಹೂವಾದರೆ ಸಾಕು, ಉಳಿದವನ್ನು ಚಿವುಟಬೇಕು. ಅತ್ತೆಗೆ ಚಿವುಟಲು ಮನಸ್ಸು ಬರುತ್ತಿರಲಿಲ್ಲ. “ಅರಳಿದ್ದನ್ನು ಹೇಗೆ ಕೊಲ್ಲುವುದು ಮಗೂ?” ಎನ್ನುತ್ತಿದ್ದರು. ಮಕ್ಕಳು ಶಾಲೆಯ ಬಸ್ಸು ಬರುವುದರೊಳಗೆ ತಮ್ಮ ಪಾಲಿನ ಸಾಲು ಮುಗಿಸುತ್ತಿದ್ದರು. ಕಾಯಿ ಬಲಿಯಲು ಒಂಬತ್ತು ತಿಂಗಳು. ಅಷ್ಟೂ ಕಾಲ ರಾತ್ರಿ ತೋಟದಲ್ಲಿ ಟಾರ್ಚು, ಅಂಗಳದಲ್ಲಿ ನಾಯಿ. ಅಡಿಕೆಗೆ ಯಾರೂ ಹಾಗೆ ಕಾವಲು ಕೂತದ್ದಿಲ್ಲ.

ಹಸಿ ಬೀನ್ಸಿಗೆ ಪರಿಮಳವೇ ಇಲ್ಲ ಎಂಬುದು ಹಲವರಿಗೆ ಮೊದಲ ಫಸಲಿನಲ್ಲಿ ತಿಳಿದ ಸತ್ಯ. ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲು ತೋರಿಸಿ, ನೆರಳಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಆರು ಕಿಲೋ ಹಸಿಯಿಂದ ಒಂದು ಕಿಲೋ ಒಣಗಿದ್ದು ಸಿಗುತ್ತದೆ. ಈ ವಿದ್ಯೆ ಕಲಿತವರು ಕೆಲವರೇ. ಹೆಚ್ಚಿನವರು ಹಸಿಯನ್ನೇ ತೂಗಿ ಕೊಟ್ಟರು. ತೋಟ ಎಬ್ಬಿಸಲು ತೋರಿದ ಉತ್ಸಾಹದ ಕಾಲು ಭಾಗವಾದರೂ ಸಂಸ್ಕರಣೆ ಕಲಿಸಲು ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಬಳ್ಳಿ ಮಾರಿದವರ ಲಾಭ ಬೀನ್ಸ್ ಮಾರಿದವರಿಗಿಂತ ಮೊದಲೇ ಕೈಸೇರಿತ್ತು ಎನ್ನುವುದನ್ನೂ ಹೇಳಬೇಕು.

2004ರ ಬಳಿಕ ಮಡಗಾಸ್ಕರ್ ಚೇತರಿಸಿಕೊಂಡಿತು. ಅಷ್ಟರಲ್ಲಿ ದುಬಾರಿ ಬೀನ್ಸಿನಿಂದ ಬೇಸತ್ತ ಕಂಪನಿಗಳು ಕೃತಕ ವೆನಿಲಿನ್‌ಗೆ ಇನ್ನಷ್ಟು ಒಗ್ಗಿಕೊಂಡಿದ್ದವು. ಸಾವಿರಗಳಲ್ಲಿದ್ದ ದರ ನೂರರ ಲೆಕ್ಕಕ್ಕೆ ಇಳಿಯಿತು. ಮಳೆಗಾಲದಲ್ಲಿ ಫ್ಯುಸೇರಿಯಂ ಶಿಲೀಂಧ್ರ ಬೇರಿಗೆ ಹತ್ತಿದರೆ ಬಳ್ಳಿ ಬುಡದಿಂದ ಕಂದಾಗಿ ಕೊಳೆಯುತ್ತದೆ. ತದ್ರೂಪಗಳ ತೋಟದಲ್ಲಿ ಅದನ್ನು ತಡೆಯುವ ಬಳ್ಳಿ ಹುಡುಕಿದರೂ ಸಿಗದು. ಅದಕ್ಕಾಗಿಯೇ ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಎಲೆಯಿಲ್ಲದ ಕಾಡು ವೆನಿಲ್ಲಾದೊಂದಿಗೆ ಇದನ್ನು ಸಂಕರ ಮಾಡುವ ಪ್ರಯತ್ನ ನಡೆಸಿತು. ಕೃಷಿಕರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಲವರು ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಅಡಿಕೆಗೇ ಮರಳಿದರು.

2017ರ ಮಾರ್ಚಿನಲ್ಲಿ ಎನಾವೊ ಚಂಡಮಾರುತ ಅದೇ ತೀರಕ್ಕೆ ಬಡಿಯಿತು. ದರ ಮತ್ತೆ ಏರಿತು, ಸಂದೇಶಗಳು ಮತ್ತೆ ಹಾರಾಡಿದವು. ಈ ಸಲ ಬಳ್ಳಿಯನ್ನು ತೋಟಕ್ಕೆ ಬಿಡದೆ ಹಸಿರು ಬಲೆಯ ನೆರಳು ಮನೆಯೊಳಗೆ, ಹನಿ ನೀರಾವರಿಯಲ್ಲಿ ಬೆಳೆಸಲು ಹೊರಟವರಿದ್ದಾರೆ. ಅಂದರೆ ಗಾಜಿನ ಮನೆಯಿಂದ ಹೊರಟದ್ದು ಸುತ್ತಿ ಬಳಸಿ ಮತ್ತೆ ಮಾಡಿನಡಿಗೇ ಬಂದಂತಾಯಿತು. ಮಡಗಾಸ್ಕರ್ 2020ರಲ್ಲಿ ಕನಿಷ್ಠ ರಫ್ತು ದರ ಕಟ್ಟಿತು, 2023ರಲ್ಲಿ ಬಿಚ್ಚಿತು, ದರ ಮತ್ತೆ ಜಾರಿತು.

ನಮ್ಮ ಬಾವಿಯ ಬಳಿಯ ಗ್ಲಿರಿಸೀಡಿಯದಲ್ಲಿ ಅಂದಿನ ಒಂದು ಬಳ್ಳಿ ಇನ್ನೂ ಇದೆ. ಯಾರೂ ಗೊಬ್ಬರ ಹಾಕುವುದಿಲ್ಲ. ಕಳೆದ ಮಾರ್ಚಿನಲ್ಲಿ ಮೂರು ಗೊಂಚಲು ಹೂ ಬಿಟ್ಟಿತ್ತು. ಅತ್ತೆಗೆ ಈಗ ಕಣ್ಣು ಮಂದ, ಕೈ ನಡುಗುತ್ತದೆ. ಆದರೂ ಒಂದು ಬೆಳಿಗ್ಗೆ ಹಿಡಿಸೂಡಿಯ ಕಡ್ಡಿ ಹಿಡಿದು ನಿಂತಿದ್ದರು. ಎರಡು ಹೂ ಕಾಯಿ ಕಚ್ಚಿವೆ.