ಬಿಲಕ್ಕೆ ನುಗ್ಗುವ ನಾಯಿ ಕಾಫಿ ತೋಟಕ್ಕೆ ಬಂದ ಬಗೆ

ಗೋಣಿಕೊಪ್ಪ, ಪೊಲಿಬೆಟ್ಟ, ಸಿದ್ದಾಪುರದ ಕಡೆ ತೋಟದ ಮನೆಗಳಲ್ಲಿ ಬಿಳಿ ಮೈ, ಕಂದು ತಲೆಯ ಪುಟ್ಟ ನಾಯಿ ಕಂಡರೆ ಸಾಕು, ಜಾಕ್ ರಸೆಲ್ ಅಂದುಬಿಡುತ್ತೇವೆ. ಮರಿ ಕೊಳ್ಳಲು ಹೋದವರಿಗೆ ಮಾತ್ರ ತಲೆ ಕೆಡುತ್ತದೆ. ಒಬ್ಬರು ಪಾರ್ಸನ್ ರಸೆಲ್ ಅನ್ನುತ್ತಾರೆ, ಇನ್ನೊಬ್ಬರು ಫಾಕ್ಸ್ ಟೆರಿಯರ್ ಅನ್ನುತ್ತಾರೆ. ಒಂದರ ಕಾಲು ಉದ್ದ, ಇನ್ನೊಂದರದ್ದು ಗಿಡ್ಡ. ಮನೆಗೆ ತಂದ ಮೇಲೆ ಹೂವಿನ ಪಾತಿ ಅಗೆಯಿತು, ಕೋಳಿ ಹಿಡಿಯಿತು ಅನ್ನೋ ದೂರು ಬೇರೆ. ಇದರ ಬೇರು ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನಲ್ಲಿದೆ.

ತಳಿಗೆ ಹೆಸರು ಬಂದದ್ದು ಜಾಕ್ ಅಂತ ಕರೆಸಿಕೊಳ್ಳುತ್ತಿದ್ದ ಜಾನ್ ರಸೆಲ್ ಅವರಿಂದ. ಅವರು ಹುಟ್ಟಿದ್ದು 1795ರಲ್ಲಿ, ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟ್‌ಮತ್‌ನಲ್ಲಿ. ಮುಂದೆ ಪಾದ್ರಿಯಾದರು (ಇಂಗ್ಲಿಷಿನಲ್ಲಿ ಪಾರ್ಸನ್), ಆದರೂ ನರಿ ಬೇಟೆಯ ಹುಚ್ಚು ಬಿಡಲಿಲ್ಲ. 1819ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಹಾಲು ಮಾರುವವನೊಬ್ಬನಿಂದ ಒಂದು ಹೆಣ್ಣು ಟೆರಿಯರ್, ಅಂದರೆ ಬಿಲಕ್ಕೆ ನುಗ್ಗುವ ಪುಟ್ಟ ಬೇಟೆ ನಾಯಿ, ಕೊಂಡರು. ಬಿಳಿ ಮೈ, ಕಣ್ಣು ಕಿವಿಯ ಹತ್ತಿರ ಕಂದು ಮಚ್ಚೆ, ಹೆಸರು ಟ್ರಂಪ್. ತಳಿಯ ಮೂಲ ತಾಯಿ ಅಂತ ಇವತ್ತಿಗೂ ಅವಳನ್ನೇ ಹೇಳುತ್ತಾರೆ.

ಆ ಬೇಟೆಯಲ್ಲಿ ನರಿಯನ್ನು ಅಟ್ಟುವುದು ಹೌಂಡ್ ನಾಯಿಗಳು. ನರಿ ಬಿಲ ಸೇರಿತೋ, ಆಗ ಟೆರಿಯರ್ ಸರದಿ. ಒಳಗೆ ನುಗ್ಗಿ, ಎದುರು ನಿಂತು ಬೊಗಳಿ, ಅದನ್ನು ಹೊರಗೆ ಹೊರಡಿಸಬೇಕು. ಕೊಲ್ಲಬಾರದು. ಕೊಂದರೆ ಬೇಟೆ ಅಲ್ಲಿಗೇ ಮುಗಿಯಿತಲ್ವಾ? ಹೊರಬಂದ ಟೆರಿಯರ್ ಅನ್ನೇ ನರಿ ಅಂದುಕೊಂಡು ಹೌಂಡ್‌ಗಳು ಮೇಲೆ ಬೀಳಬಾರದು ಅಂತ ಬಿಳಿ ಬಣ್ಣಕ್ಕೆ ಬೆಲೆ. ಎದೆ ಅಳೆಯುವ ಹಳೆಯ ಕ್ರಮವೊಂದು ಈಗಲೂ ಇದೆ. ಮುಂಗಾಲಿನ ಹಿಂದೆ ಎರಡೂ ಕೈ ಸುತ್ತಿ ಹಿಡಿದರೆ ಎರಡು ಕೈಯ ಬೆರಳುಗಳು ಒಂದಕ್ಕೊಂದು ತಾಗಬೇಕು, ಮೆಲ್ಲಗೆ ಒತ್ತಿದರೆ ಪಕ್ಕೆಲುಬು ತುಸು ಬಾಗಬೇಕು. ಎದೆ ಅದಕ್ಕಿಂತ ದಪ್ಪ ಇದ್ದರೆ ನಾಯಿ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ.

ಸ್ವಭಾವ ಬಂದದ್ದೂ ಅದೇ ಬಿಲದಿಂದ. ಕತ್ತಲಲ್ಲಿ, ಒಡೆಯನ ದನಿ ಮುಟ್ಟದ ಕಡೆ, ಹಲ್ಲು ಮಸೆಯುವ ಪ್ರಾಣಿಯ ಎದುರು ನಾಯಿ ತಾನೇ ತೀರ್ಮಾನ ಮಾಡಬೇಕು. ಹಾಗಾಗಿ ಪಟ್ಟು ಬಿಡದ, ಸುಮ್ನೆ ಕೂರದ, ಅಗೆಯುವ, ಬೊಗಳುವ ನಾಯಿಗಳನ್ನೇ ಆರಿಸಿ ಮರಿ ಮಾಡಿಸಿದರು. ನಾವು ಕೆಟ್ಟ ಚಾಳಿ ಅಂತ ಬೈಯುವುದೆಲ್ಲ ಅಂದು ಅದರ ಯೋಗ್ಯತೆ.

ರಸೆಲ್ 1883ರಲ್ಲಿ ತೀರಿಕೊಂಡರು. ಆಮೇಲೆ ಬ್ಯಾಡ್ಜರ್ ಅನ್ನೋ ಬಿಲವಾಸಿ ಪ್ರಾಣಿಯನ್ನು ಹಿಡಿಯುವವರಿಗೆ ಗಿಡ್ಡ ಕಾಲು ಬೇಕಾಯಿತು, ಎರಡನೇ ಮಹಾಯುದ್ಧದ ನಂತರ ಬೇಟೆ ಇಳಿದು ಬೇರೆ ಬೇರೆ ತಳಿ ಬೆರೆಯಿತು, ಬೇಟೆಯವರು 1974ರಲ್ಲಿ ತಮ್ಮದೇ ಕ್ಲಬ್ ಕಟ್ಟಿದರು. ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ 1990ರಲ್ಲಿ ಉದ್ದ ಕಾಲಿನ ಪಾರ್ಸನ್‌ಗೆ, 2016ರಲ್ಲಿ ಗಿಡ್ಡ ಕಾಲಿನ ಜಾಕ್ ರಸೆಲ್‌ಗೆ ಮಾನ್ಯತೆ ಕೊಟ್ಟಿತು. ಪಾರ್ಸನ್ ಸುಮಾರು 33ರಿಂದ 36 ಸೆಂಟಿಮೀಟರ್ ಎತ್ತರ, ಜಾಕ್ ರಸೆಲ್ 25ರಿಂದ 30. ಪ್ರದರ್ಶನದ ದಾರಿ ಹಿಡಿದರೆ ಕಿವಿ, ಬಣ್ಣ ನೋಡುತ್ತಾರೆ, ಗುಂಡಿಗೆ ನೋಡುವವರಿಲ್ಲ ಅನ್ನೋದು ಬೇಟೆಯವರ ಅಳಲು. ಅದರಲ್ಲಿ ಹುರುಳಿದೆ.

ಕೊಡಗಿನಲ್ಲೂ ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುವುದು ಹಳೆಯ ರೂಢಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈಗ ಅದಕ್ಕೆ ಅವಕಾಶವಿಲ್ಲ. ಇಲ್ಲಿ ಈ ನಾಯಿಗೆ ಉಳಿದಿರುವುದು ಹೆಗ್ಗಣದ ಕೆಲಸ. ಗೋಡೌನಿನಲ್ಲಿ ಕಾಫಿ ಮೂಟೆಗಳ ಸಂದಿಗೆ ಮೂಗಿಟ್ಟು, ಬಾಲ ನೆಟ್ಟಗೆ ಮಾಡಿ, ಅಲುಗದೆ ನಿಲ್ಲುತ್ತದೆ. ಹೆಗ್ಗಣ ಹೊರಟಿತೋ, ಕತ್ತು ಹಿಡಿದು ಜೋರಾಗಿ ಕೊಡವುತ್ತದೆ, ಅಲ್ಲಿಗೆ ಮುಗಿಯಿತು. ಅದೇ ಧೈರ್ಯ ತೋಟದೊಳಗೆ ಅಪಾಯ. ಮುಳ್ಳುಹಂದಿಯ ಬಿಲಕ್ಕೆ ನುಗ್ಗಿದರೆ ಅದು ಹಿಂದುಹಿಂದಕ್ಕೆ ನುಗ್ಗಿ ನಾಯಿಯ ಮುಖಕ್ಕೆ ಮುಳ್ಳು ನಾಟಿಸುತ್ತದೆ. ನಾಗರಹಾವು ಹೆಡೆ ಎತ್ತಿದರೂ ಇದು ಹಿಂದೆ ಸರಿಯುವುದಿಲ್ಲ. ರಾತ್ರಿ ಹೊರಗೆ ಬಿಟ್ಟರೆ ಚಿರತೆಗೆ ಸುಲಭದ ತುತ್ತು.

ಪುಟ್ಟದು, ಮುದ್ದಾಗಿದೆ ಅಂತ ಮಡಿಕೇರಿ ಪೇಟೆಯ ಮನೆಗೆ ತಂದು, ದಿನವಿಡೀ ಸರಪಳಿ ಹಾಕಿದರೆ ಪಾಪದ ನಾಯಿ ಏನು ಮಾಡೀತು? ದಿನಕ್ಕೆ ಒಂದು ಗಂಟೆಯಾದರೂ ಓಡಾಡಿಸಿ, ಹುಡುಕುವ ಆಟ ಆಡಿಸಿ. ಬೇಲಿಯ ಜಾಲರಿಯನ್ನು ಒಂದಡಿ ಮಣ್ಣಿನೊಳಗೆ ಹೂತರೆ ಅಗೆದು ಆಚೆ ಹೋಗುವುದು ಕಷ್ಟ. ಇಲಿ ಹಿಡಿಯುವ ನಾಯಿಗೆ ರೇಬಿಸ್ ಜೊತೆ ಇಲಿ ಜ್ವರದ ಲಸಿಕೆಯನ್ನೂ ಪ್ರತಿ ವರ್ಷ ಹಾಕಿಸಲೇಬೇಕು. ಮಳೆಗಾಲಕ್ಕೆ ಮೊದಲೇ ಹಾಕಿಸಿದರೆ ಇನ್ನೂ ಒಳ್ಳೆಯದು.